ರೊಟ್ಟಿ ಬಡಿಯುವ ಹೊತ್ತು

ಹುಬ್ಬಳ್ಳಿ-ಧಾರವಾಡದಿಂದ ಜರ್ಮನಿಗೆ ಓದಲು ಹೊರಟವರ ಬ್ಯಾಗನ್ನು ಹೊರಟವರು ತುಂಬುವುದಿಲ್ಲ, ಮನೆಯವರು ತುಂಬುತ್ತಾರೆ. ಅವ್ವ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ ಅಂತ ತಲಾ ಅರ್ಧ ಕಿಲೋ ಕಟ್ಟುತ್ತಾಳೆ. ಅಜ್ಜಿಯದು ಬ್ಯಾಡಗಿ ಮೆಣಸಿನಕಾಯಿ ಖಾರ. ಕಾಕಾ ಪೇಢೆ ಡಬ್ಬಿ ಹಿಡಕೊಂಡೇ ಬರುತ್ತಾನೆ. ತೂಕ 23 ಕಿಲೋ ದಾಟಿತು ಅಂದಾಗ ಹೊರಗೆ ಬರುವುದು ಪುಸ್ತಕ, ಆಮೇಲೆ ಸ್ವೆಟರು. ಇದರಲ್ಲಿ ತಪ್ಪೇನಿಲ್ಲ. ಸ್ವೆಟರು ಅಲ್ಲಿಯೂ ಸಿಗುತ್ತದೆ. ಗುರೆಳ್ಳು ಚಟ್ನಿಗೆ ಎಲ್ಲಿ ಹೋಗುವುದು?

ಆದರೆ ಬ್ಯಾಗಿನಿಂದ ತೂಕ ನೋಡದೇ ತೆಗೆಯಬೇಕಾದ ಕೆಲವು ಸಾಮಾನುಗಳಿವೆ. ಹಾಲಿನ ಪದಾರ್ಥ, ಮಾಂಸದ ಪದಾರ್ಥಗಳನ್ನು ಐರೋಪ್ಯ ಒಕ್ಕೂಟದೊಳಗೆ ಹೊರಗಿನಿಂದ ಒಯ್ಯುವಂತಿಲ್ಲ. ಹಾಗಾಗಿ ತುಪ್ಪದ ಬಾಟಲಿ ಮನೆಯಲ್ಲೇ ಇರಲಿ. ಪೇಢೆ ಮಿಠಾಯಿಯೋ ಹಾಲಿನ ಪದಾರ್ಥವೋ ಅನ್ನುವ ವಾದವನ್ನು ಕಸ್ಟಮ್ಸ್ ಅಧಿಕಾರಿಯ ಮುಂದೆ ಹೂಡುವುದಕ್ಕಿಂತ ಹೊರಡುವ ಮೊದಲೇ ತಿಂದು ಮುಗಿಸುವುದು ಲೇಸು. ಹಸಿ ಕರಿಬೇವೂ ಬೇಡ. ಸಸ್ಯ ಆರೋಗ್ಯದ ಸರ್ಟಿಫಿಕೇಟ್ ಇಲ್ಲದೆ ಆ ಗಡಿ ದಾಟಲು ಬಿಡುವುದು ಅನಾನಸು, ತೆಂಗು, ಬಾಳೆ, ಖರ್ಜೂರ, ಡ್ಯೂರಿಯನ್ ಈ ಐದು ಹಣ್ಣು-ಕಾಯಿಗಳನ್ನು ಮಾತ್ರ. ಒಣ ಕೊಬ್ಬರಿಯದು ಬೇರೆಯೇ ತಕರಾರು: ಎಣ್ಣೆಯಂಶದಿಂದ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದಾದ ಸರಕು ಅಂತ ವಿಮಾನಯಾನದ ಪಟ್ಟಿಯಲ್ಲಿ ಅದರ ಹೆಸರಿದೆ. ಕೊಬ್ಬರಿ ಬಟ್ಟಲು ಕಂಡರೆ ನಮ್ಮ ವಿಮಾನ ನಿಲ್ದಾಣದಲ್ಲೇ ಬ್ಯಾಗು ಬಿಚ್ಚಿಸುತ್ತಾರೆ.

ಕಟಕ ರೊಟ್ಟಿಗೆ ಯಾರ ಅಡ್ಡಿಯೂ ಇಲ್ಲ. ಅಗಲವಾದ ಸ್ಟೀಲ್ ಡಬ್ಬಿಯಲ್ಲಿ ಒಂದರ ಮೇಲೊಂದು ಇಟ್ಟು, ಸುತ್ತಲಿನ ಸಂದಿಗೆ ತೆಳು ಅರಿವೆ ತುರುಕಿ, ಕೈಯಲ್ಲಿ ಹಿಡಿಯುವ ಬ್ಯಾಗಿನಲ್ಲಿ ಇಡಬೇಕು. ಕೆಳಗಿನ ಸರಕಿಗೆ ಹಾಕಿದರೆ ಊರು ಮುಟ್ಟುವಷ್ಟರಲ್ಲಿ ರವೆಯಾಗಿರುತ್ತದೆ. ಮುರಿದರೂ ಚಿಂತೆಯಿಲ್ಲ, ಮಜ್ಜಿಗೆಯಲ್ಲಿ ನೆನೆಸಿ, ಚಟ್ನಿ ಪುಡಿ, ಹಸಿ ಉಳ್ಳಾಗಡ್ಡಿ ಕಲಸಿದರೆ ಒಂದು ಹೊತ್ತಿನ ಊಟ. ಅದಕ್ಕೆ ನಿಜವಾದ ವೈರಿ ಪಸೆ. ಚಳಿಗಾಲದ ಸೆಮಿಸ್ಟರ್ ಅಕ್ಟೋಬರಿನಲ್ಲಿ ಶುರು, ಹೊರಡುವುದು ಸೆಪ್ಟೆಂಬರಿನಲ್ಲಿ. ಆಗ ಧಾರವಾಡದ ಗಾಳಿಯಲ್ಲಿ ಮಳೆಯ ಥಂಡಿ ಇನ್ನೂ ಉಳಿದಿರುತ್ತದೆ. ಕಟ್ಟುವ ದಿನ ಒಂದೊಂದನ್ನೇ ಸಣ್ಣ ಉರಿಯ ಹಂಚಿನ ಮೇಲೆ ಮತ್ತೊಮ್ಮೆ ಬಿಸಿ ಮಾಡಿ, ಪೂರ್ತಿ ಆರಿದ ಮೇಲೆ ಮುಚ್ಚಳ ಹಾಕಬೇಕು. ಬಿಸಿ ಇದ್ದಾಗಲೇ ಮುಚ್ಚಿದರೆ ಬೆವರಿ, ಹದಿನೈದು ದಿನಕ್ಕೆ ಬೂಷ್ಟು.

ರೊಟ್ಟಿ ಖಾಲಿಯಾದ ದಿನದಿಂದ ಪರದೇಶ ಶುರು. ಹೋದವರನ್ನು ಕಂಗೆಡಿಸುವುದು ಚಳಿಯಲ್ಲ, ಭಾಷೆಯೂ ಅಲ್ಲ. ನಮ್ಮ ಕಡೆ ಪ್ರತಿ ಕೆಲಸಕ್ಕೂ ಒಬ್ಬ ಮನುಷ್ಯ ಇದ್ದಾನೆ. ರದ್ದಿಯವನು ತಾನೇ ಮನೆ ಮುಂದೆ ಕೂಗುತ್ತ ಬರುತ್ತಾನೆ. ಕೊರಿಯರ್ ಹುಡುಗನಿಗೆ ಫೋನಿನಲ್ಲಿ "ಮಾಳಮಡ್ಡಿಯಾಗ ಗುಡಿ ಹಿಂದಿನ ಓಣಿ" ಅಂದರೆ ಸಾಕು. ರಾತ್ರಿ ಒಂಬತ್ತಕ್ಕೆ ರೊಟ್ಟಿ ಮಾರುವ ಮನೆಯ ಬಾಗಿಲು ಬಡಿದು "ಅಕ್ಕಾರ, ಇನ್ನೊಂದ್ ಹತ್ತ್ ರೊಟ್ಟಿ ಅದಾವೇನ್ರೀ?" ಅಂತ ಕೇಳಬಹುದು, ಬೈದಾದರೂ ಕೊಡುತ್ತಾರೆ. ಅಲ್ಲಿ ಕೆಲಸಕ್ಕೆ ಮನುಷ್ಯ ಇಲ್ಲ, ಹೊತ್ತು ಇದೆ, ಜಾಗ ಇದೆ. ಹೊತ್ತು ತಪ್ಪಿದರೆ ಗೋಗರೆಯಲು ಎದುರಿಗೆ ಯಾರೂ ಇರುವುದಿಲ್ಲ. 1853ರಲ್ಲಿ ಬಾಸೆಲ್ ಮಿಶನ್ನಿನಿಂದ ಇತ್ತ ಬಂದ ಜರ್ಮನಿಯ ಕಿಟೆಲ್ ಸಾಹೇಬರಿಗೆ ಇದರ ತಿರುವುಮುರುವು ಆಗಿರಬೇಕು ಪಾಪ: ಹೊತ್ತು ಕೇಳಿದರೆ ಮನುಷ್ಯನ ಹೆಸರು ಹೇಳುವ ಸೀಮೆ.

ರೊಟ್ಟಿಯ ವಿಷಯವೇ ನೋಡಿ. ಜೋಳದ ಹಿಟ್ಟು ಅಲ್ಲಿನ ಭಾರತೀಯ ಅಂಗಡಿಗಳಲ್ಲಿ ಕಿಲೋ ಪ್ಯಾಕೆಟ್ಟಿನಲ್ಲಿ ಸಿಗುತ್ತದೆ. ಆದರೆ ಬೀಸಿ ತಿಂಗಳುಗಟ್ಟಲೆ ಆಗಿರುತ್ತದೆ. ಜೋಳದಲ್ಲಿ ಗೋಧಿಯ ಜಿಗುಟು ಇಲ್ಲ. ರೊಟ್ಟಿ ಹಿಡಿದುಕೊಳ್ಳುವುದು ಬಿಸಿನೀರಿಗೆ ಬೆಂದ ಪಿಷ್ಟದಿಂದ. ಹಳೆಯ ಹಿಟ್ಟಿಗೆ ಹಿಡಿತ ಇನ್ನೂ ಕಡಿಮೆ, ತಟ್ಟುವಾಗಲೇ ಅಂಚು ಸೀಳುತ್ತದೆ. ಆದ್ದರಿಂದ ನಲ್ಲಿಯ ಬಿಸಿನೀರು ನಡೆಯುವುದಿಲ್ಲ, ಎಸರು ಕುದಿಯಲೇಬೇಕು. ಎರಡು ಬಟ್ಟಲು ಹಿಟ್ಟಿಗೆ ಒಂದೂವರೆ ಬಟ್ಟಲು ನೀರು. ಕುದಿಯುವ ನೀರಿಗೆ ಅರ್ಧ ಹಿಟ್ಟು ಸುರಿದು, ಒಲೆ ಆರಿಸಿ, ಕಟ್ಟಿಗೆಯ ಚಮಚದಿಂದ ತಿರುವಿ ಐದು ನಿಮಿಷ ಮುಚ್ಚಿಡಬೇಕು. ಕೈಗೆ ತಾಳುವಷ್ಟು ಆರಿದ ಮೇಲೆ ಉಳಿದ ಹಿಟ್ಟು ಸೇರಿಸಿ ಅಂಗೈಯಿಂದ ಒತ್ತಿ ನಾದಬೇಕು. ಆಗಲೂ ಅಂಚು ಒಡೆದರೆ ಬಿಸಿನೀರು ಚಿಮುಕಿಸಿ ಮತ್ತೆ ನಾದುವುದೇ ದಾರಿ. ಒಣ ಹಿಟ್ಟು ಹಾಕಿದರೆ ಇನ್ನಷ್ಟು ಒಡೆಯುತ್ತದೆ.

ಮುಂದಿನ ತೊಡಕು ಒಲೆಯದು. ವಿದ್ಯಾರ್ಥಿಗಳ ಮನೆಗಳಲ್ಲಿ ಗ್ಯಾಸ್ ಅಪರೂಪ, ಇರುವುದು ಹೆಚ್ಚಾಗಿ ಗಾಜಿನ ಹಾಸಿನ ವಿದ್ಯುತ್ ಒಲೆ. ಊರಿನಿಂದ ಒಯ್ದ ತಗ್ಗು ಹಂಚು ಅದರ ಮೇಲೆ ನಡುವೆ ಮಾತ್ರ ತಾಗುತ್ತದೆ: ನಡುವೆ ಕರಿ, ಅಂಚು ಹಸಿ. ತಳ ಪೂರ್ತಿ ಸಪಾಟಾದ ದಪ್ಪ ಕಬ್ಬಿಣದ ಹಂಚು ಬೇಕು, ರೊಟ್ಟಿಯ ಅಗಲ ಒಲೆಯ ಉಂಗುರದಷ್ಟೇ ಇರಬೇಕು. ಹಂಚನ್ನು ಗಾಜಿನ ಮೇಲೆ ಎಳೆಯಬಾರದು. ಗೀರು ಬಿದ್ದರೆ ಮನೆ ಬಿಡುವಾಗ ಠೇವಣಿಯಲ್ಲಿ ಮುರಿದುಕೊಳ್ಳುತ್ತಾರೆ. ಈ ಒಲೆ ಕಾಯುವುದೂ ತಡ, ಆರುವುದೂ ತಡ. ಗುಂಡಿ ಇಳಿಸಿದ ಕೂಡಲೇ ಉರಿ ಇಳಿಯುತ್ತದೆ ಅಂದುಕೊಂಡವರ ಮೂರನೇ ರೊಟ್ಟಿ ಸೀಯುತ್ತದೆ. ಎರಡು ನಿಮಿಷ ಮೊದಲೇ ಇಳಿಸಬೇಕು. ಇಂಡಕ್ಷನ್ ಒಲೆಯಾದರೆ ಪಾತ್ರೆಯ ತಳಕ್ಕೆ ಅಯಸ್ಕಾಂತ ಅಂಟುತ್ತದೆಯೋ ನೋಡಬೇಕು. ಮನೆಯಿಂದ ಪ್ರೀತಿಯಿಂದ ಕೊಟ್ಟು ಕಳಿಸಿದ ಅಲ್ಯುಮಿನಿಯಂ ಕುಕ್ಕರ್ ಅಲ್ಲಿ ಬರೀ ಡಬ್ಬಿ. ಬೆಂಕಿಯ ಉರಿ ಇಲ್ಲದ ಕಾರಣ ರೊಟ್ಟಿ ಉಬ್ಬುವುದಿಲ್ಲ ಅನ್ನುವ ದೂರು ಮಾತ್ರ ಪೂರ್ತಿ ನಿಜವಲ್ಲ. ಮೇಲೆ ನೀರು ಸವರಿ, ಪಸೆ ಆರುತ್ತಿದ್ದಂತೆ ಮಗುಚಿ, ಮಡಿಸಿದ ಅರಿವೆಯಿಂದ ಅಂಚು ಒತ್ತುತ್ತ ಬಂದರೆ ಹಂಚಿನ ಮೇಲೆಯೇ ಉಬ್ಬುತ್ತದೆ.

ಇನ್ನು ಸಪ್ಪಳ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಅಲ್ಲಿ ಮೌನದ ಹೊತ್ತು, ರವಿವಾರ ಇಡೀ ದಿನ. ಲ್ಯಾಬ್ ಮುಗಿಸಿ ಹತ್ತೂವರೆಗೆ ರೊಟ್ಟಿ ಬಡಿಯಲು ಕೂತರೆ ಕೆಳಗಿನ ಮನೆಯವರಿಗೆ ಅದು ಅಡುಗೆ ಅಂತ ಹೇಗೆ ತಿಳಿಯಬೇಕು? ಯಾರೋ ಗೋಡೆ ಒಡೆಯುತ್ತಿದ್ದಾರೆ ಅಂದುಕೊಳ್ಳುತ್ತಾರೆ. ಬಡಿಯುವ ರೊಟ್ಟಿ ಸಂಜೆ ಎಂಟರೊಳಗೆ, ಹತ್ತರ ಮೇಲೆ ಲಟ್ಟಿಸುವ ರೊಟ್ಟಿ. ಬಡಿದದ್ದೇ ರುಚಿ ಅನ್ನುವ ಪಂಥದವರು ಕಟ್ಟೆಯ ಮೇಲೆ ದಪ್ಪ ಟವೆಲ್ ಮಡಿಸಿ, ಅದರ ಮೇಲೆ ಹಲಗೆ ಇಟ್ಟುಕೊಳ್ಳುತ್ತಾರೆ. ಮಿಕ್ಸರಿಗೂ ಇದೇ ಹೊತ್ತು. ಅಲ್ಲಿಯೂ ವಿದ್ಯುತ್ತು 230 ವೋಲ್ಟ್, 50 ಹರ್ಟ್ಸ್, ಹಾಗಾಗಿ ನಮ್ಮ ಮಿಕ್ಸರ್ ತಿರುಗುತ್ತದೆ; ಪಿನ್ನು ಬೇರೆ, ಗಟ್ಟಿ ಅಡಾಪ್ಟರ್ ಬೇಕು.

ಒಗ್ಗರಣೆಗೆ ಹೊತ್ತಿನ ಕಟ್ಟಳೆ ಇಲ್ಲ, ಹೊಗೆಯದು ಇದೆ. ಮಲಗುವ ಕೋಣೆ, ಓಡಾಡುವ ಪಡಸಾಲೆಗಳ ಮೇಲ್ಛಾವಣಿಯಲ್ಲಿ ಹೊಗೆ ಹಿಡಿಯುವ ಅಲಾರಂ ಕೂತಿರುತ್ತದೆ. ಕೆಲವು ಹಾಸ್ಟೆಲುಗಳಲ್ಲಿ ಅದರ ತಂತಿ ನೇರ ಅಗ್ನಿಶಾಮಕ ದಳಕ್ಕೆ. ಬಂಡಿ ಬಂದರೆ ಬಿಲ್ಲೂ ಬರಬಹುದು. ಘಾಟು ಏಳುವುದು ಸಾಸಿವೆಯಿಂದಲ್ಲ, ಸೀದ ಒಣ ಮೆಣಸಿನಕಾಯಿಯಿಂದ. ಮೊದಲು ಕಿಟಕಿ ತೆರೆಯಬೇಕು, ಅಡುಗೆಮನೆಯ ಬಾಗಿಲು ಮುಚ್ಚಬೇಕು. ಹೊಸಬರು ಮಾಡುವುದು ಉಲ್ಟಾ: ಹೊಗೆ ಹೋಗಲಿ ಅಂತ ಬಾಗಿಲು ತೆಗೆದು ಪಡಸಾಲೆಯ ಅಲಾರಮಿಗೇ ಅದನ್ನು ಕಳಿಸುತ್ತಾರೆ. ಸಾಸಿವೆ ಚಟಪಟ ಅಂದಮೇಲೆ ಪಾತ್ರೆಯನ್ನು ಒಲೆಯಿಂದ ಎತ್ತಿ ಬದಿಗಿಟ್ಟು ಆಮೇಲೆ ಮೆಣಸಿನಕಾಯಿ ಹಾಕಿದರೆ ಆ ಎಣ್ಣೆಯ ಕಾವೇ ಸಾಕು.

ಕಿಟಕಿಯದೇ ಒಂದು ಶಾಸ್ತ್ರ. ಹಿಡಿಕೆ ಅಡ್ಡ ತಿರುಗಿಸಿದರೆ ಬಾಗಿಲಿನಂತೆ ತೆರೆಯುತ್ತದೆ, ಮೇಲಕ್ಕೆ ತಿರುಗಿಸಿದರೆ ತಲೆ ಮಾತ್ರ ಒಳಗೆ ವಾಲುತ್ತದೆ. ಹೊಸಬರು ವಾಲಿಸಿ ದಿನವಿಡೀ ಬಿಡುತ್ತಾರೆ. ಚಳಿಗಾಲದಲ್ಲಿ ಇದರಿಂದ ಗಾಳಿ ಬದಲಾಗುವುದು ಕಡಿಮೆ, ಕಿಟಕಿ ಸುತ್ತಲಿನ ಗೋಡೆ ತಣ್ಣಗಾಗುವುದು ಹೆಚ್ಚು. ಒಳಗೆ ಅನ್ನ ಕುದಿದ ಹಬೆ, ಕೋಣೆಯಲ್ಲೇ ಒಣಹಾಕಿದ ಅರಿವೆಯ ಪಸೆ ಎಲ್ಲ ಆ ತಣ್ಣನೆ ಗೋಡೆಗೆ ಹೋಗಿ ಕೂತು ಕಪ್ಪು ಬೂಷ್ಟು ಹಿಡಿಯುತ್ತದೆ. ಮಾಡಬೇಕಾದದ್ದು ಇಷ್ಟು: ಹೀಟರ್ ಆರಿಸಿ, ದಿನಕ್ಕೆ ಎರಡು ಮೂರು ಸಲ ಕಿಟಕಿ ಪೂರ್ತಿ ತೆರೆದು, ಐದು ನಿಮಿಷಕ್ಕೆ ಮುಚ್ಚುವುದು. ಹೀಟರಿನ ಗುಂಡಿಯ ಮೇಲಿನ 1ರಿಂದ 5 ಅಂಕಿಗಳು ಫ್ಯಾನಿನ ಸ್ಪೀಡಲ್ಲ. 3ಕ್ಕೆ ಇಟ್ಟರೆ ಸುಮಾರು 20 ಡಿಗ್ರಿಗೆ ತಾನೇ ನಿಲ್ಲುತ್ತದೆ. 5ಕ್ಕೆ ಇಟ್ಟರೆ ಬೇಗ ಕಾಯುವುದಿಲ್ಲ, ನಿಲ್ಲದೆ ಕಾಯುತ್ತದೆ, ವರ್ಷದ ಕೊನೆಗೆ ಲೆಕ್ಕ ಬರುತ್ತದೆ. ಆ 20 ಡಿಗ್ರಿಯಲ್ಲಿ ಮೊಸರು ಹೆಪ್ಪುಗಟ್ಟುವುದಿಲ್ಲ. ಉಗುರುಬೆಚ್ಚಗಿನ ಹಾಲಿಗೆ ಹೆಪ್ಪು ಹಾಕಿ, ಓವನ್ನಿನ ದೀಪವೊಂದನ್ನೇ ಹಚ್ಚಿ ಅದರೊಳಗಿಟ್ಟರೆ ರಾತ್ರಿ ಕಳೆಯುವಷ್ಟರಲ್ಲಿ ಮೊಸರು. ಕೂಡಿ ಇರುವ ಮನೆಯಾದರೆ ಓವನ್ನಿಗೆ ಒಂದು ಚೀಟಿ ಅಂಟಿಸಿ. ಇಲ್ಲದಿದ್ದರೆ ಯಾರೋ ಪಿಜ್ಜಾಕ್ಕೆ ಅಂತ 220 ಡಿಗ್ರಿ ಹಚ್ಚುತ್ತಾರೆ.

ರವಿವಾರ ಅಂಗಡಿಗಳು ಕಾನೂನಿನ ಪ್ರಕಾರ ಬಂದ್. ರೈಲ್ವೆ ನಿಲ್ದಾಣ, ಪೆಟ್ರೋಲ್ ಬಂಕಿನವು ತೆರೆದಿದ್ದರೂ ದರ ಜಾಸ್ತಿ. ದುರ್ಗದಬೈಲಿನಲ್ಲಿ ರಾತ್ರಿ ಗಿರ್ಮಿಟ್ ತಿಂದು ಕಾಯಿಪಲ್ಲೆ ಹಿಡಿದು ಮನೆಗೆ ಬಂದವರಿಗೆ ಇದು ಒಗ್ಗಲು ತಿಂಗಳುಗಳೇ ಬೇಕು. ಶನಿವಾರದ ಸಂತೆ ತಪ್ಪಿಸಬಾರದು, ಈಸ್ಟರ್ ವಾರವನ್ನಂತೂ ಮೊದಲೇ ಗುರುತು ಹಾಕಿಕೊಳ್ಳಬೇಕು: ಶುಕ್ರವಾರ, ರವಿವಾರ, ಸೋಮವಾರ ಮೂರೂ ಬಂದ್. ಶನಿವಾರ ಹೋಗುವುದಾದರೆ ತುರ್ಕಿಯವರ ಅಂಗಡಿಗೆ ಹೋಗಿ. ಕೊತ್ತಂಬರಿ, ಪುದೀನಾ, ಬೇಳೆ, ಗೋಧಿ ನುಚ್ಚಿನಂಥ ಬುಲ್ಗುರ್, ಅದೃಷ್ಟ ಇದ್ದರೆ ಎಣಗಾಯಿಗೆ ಆಗುವಂಥ ಸಣ್ಣ ಬದನೆಕಾಯಿ. ಸೂಪರ್ ಮಾರ್ಕೆಟ್ಟಿನ ಬದನೆ ಒಂದೇ ಮೊಳದುದ್ದ ಇರುತ್ತದೆ, ಅದರ ಹೊಟ್ಟೆ ತುಂಬಲು ಕಾಲು ಕಿಲೋ ಶೇಂಗಾ ಪುಡಿ ಬೇಕು. ಪಪ್ರಿಕಾ ಪುಡಿಗೆ ಬ್ಯಾಡಗಿಯ ಬಣ್ಣ ಇದೆ, ಖಾರ ಇಲ್ಲ. ಅಜ್ಜಿ ಕೊಟ್ಟದ್ದು ತಿಂಗಳು ಹೆಚ್ಚು ಬರಲಿ ಅಂದರೆ ಅರ್ಧಕ್ಕರ್ಧ ಬೆರೆಸಬಹುದು.

ಖರ್ಚಿಗೂ ಕಟ್ಟು ಇದೆ. ವೀಸಾಕ್ಕಾಗಿ ತಡೆಖಾತೆಯಲ್ಲಿ ಇಡಬೇಕಾದ ದುಡ್ಡು 2024ರ ಸೆಪ್ಟೆಂಬರಿನಿಂದ ವರ್ಷಕ್ಕೆ 11,904 ಯೂರೋ. ಅದು ಕೈಗೆ ಬರುವುದು ತಿಂಗಳಿಗೆ 992ರಂತೆ. ಬಾಡಿಗೆ, ವಿಮೆ ಹೋಗಿ ಉಳಿದದ್ದರಲ್ಲಿ ಊಟ. ಖಾಲಿ ಬಾಟಲಿಯೂ ದುಡ್ಡೇ: ಒಮ್ಮೆ ಬಳಸುವ ಪ್ಲಾಸ್ಟಿಕ್ ಬಾಟಲಿ, ತಗಡಿನ ಡಬ್ಬಿಗೆ 25 ಸೆಂಟ್ ಠೇವಣಿ, ಬಿಯರಿನ ಗಾಜಿನ ಬಾಟಲಿಗೆ ಸಾಮಾನ್ಯವಾಗಿ 8. ಅಂಗಡಿಯ ಯಂತ್ರಕ್ಕೆ ಹಾಕಿದರೆ ಚೀಟಿ ಬರುತ್ತದೆ, ಅದನ್ನು ಅದೇ ಅಂಗಡಿಯ ಕೌಂಟರಿನಲ್ಲಿ ತೋರಿಸಬೇಕು. ಬಾಟಲಿ ಹಿಚುಕಬಾರದು, ಯಂತ್ರ ಬಾರ್‌ಕೋಡ್ ಓದದೆ ಹೊರಗೆ ತಳ್ಳುತ್ತದೆ. ಇದು ರದ್ದಿಯವನಲ್ಲ, ಚೌಕಾಸಿ ಇಲ್ಲ. ಉಪ್ಪಿನಕಾಯಿಯ ಗಾಜಿನ ಭರಣಿಗೆ ಠೇವಣಿ ಇಲ್ಲ. ಅದನ್ನು ಓಣಿಯ ಗಾಜಿನ ತೊಟ್ಟಿಗೆ ಬಣ್ಣ ನೋಡಿ ಹಾಕಬೇಕು, ರವಿವಾರ ಹಾಕಬಾರದು. ಕಾರಣ ಮತ್ತೆ ಸಪ್ಪಳ.

ಇಷ್ಟೆಲ್ಲ ಹೊತ್ತಿನ ಶಿಸ್ತಿನ ನಡುವೆ ವಿಶ್ವವಿದ್ಯಾಲಯಗಳು ಮಾತ್ರ ನಮ್ಮವರ ಮೇಲೆ ಕರುಣೆ ತೋರಿವೆ. ಎಷ್ಟೋ ಕಡೆ ಹತ್ತು ಗಂಟೆ ಅಂತ ಬರೆದ ಕ್ಲಾಸು ಶುರುವಾಗುವುದು ಹತ್ತೂಕಾಲಿಗೆ, ಅದೂ ಸಂಪ್ರದಾಯದ ಪ್ರಕಾರ.

ಮನೆ ಸಿಕ್ಕ ದಿನವೇ ಮಾಡಬೇಕಾದ ಕೆಲಸ ಒಂದಿದೆ, ಅಂಚೆ ಡಬ್ಬಿಯ ಮೇಲೆ ಹೆಸರು ಅಂಟಿಸುವುದು. ಅಂಚೆಯವನು ಹೆಸರು ನೋಡುತ್ತಾನೆ, ಮುಖ ನೋಡುವುದಿಲ್ಲ. ಹೆಸರಿಲ್ಲದಿದ್ದರೆ ಬ್ಯಾಂಕಿನ ಕಾರ್ಡು, ವಿಮೆಯ ಕಾಗದ ಎಲ್ಲ ಬಂದ ದಾರಿಯಲ್ಲೇ ವಾಪಸ್. ನಗರ ಕಚೇರಿಯಲ್ಲಿ ವಿಳಾಸ ನೋಂದಣಿಗೆ ಎರಡು ವಾರದ ಗಡುವು, ಮನೆ ಮಾಲೀಕರ ಸಹಿಯ ಪತ್ರ ಬೇಕು. ಅದಾಗಿ ಕೆಲವು ವಾರಕ್ಕೆ ರೇಡಿಯೋ-ಟಿವಿ ಶುಲ್ಕದ ಕಾಗದ ಬರುತ್ತದೆ: ತಿಂಗಳಿಗೆ 18.36 ಯೂರೋ. ಟಿವಿ ಇಲ್ಲ, ಇದು ಮೋಸ ಅಂತ ಹರಿದು ಹಾಕಬೇಡಿ. ಮನೆಗೆ ಒಂದೇ ಶುಲ್ಕ. ಕೂಡಿ ಇರುವವರಲ್ಲಿ ಒಬ್ಬರು ಕಟ್ಟುತ್ತಿದ್ದರೆ ಅವರ ಶುಲ್ಕದ ಖಾತೆಯ ನಂಬರ್ ಬರೆದು ಕಳಿಸಿ, ಪಾಲು ಹಂಚಿಕೊಂಡರಾಯಿತು.

ಚಟ್ನಿ ಮುಗಿದ ಸುದ್ದಿ ಊರಿಗೆ ಮುಟ್ಟಿದರೆ ಪಾರ್ಸೆಲ್ ಹೊರಡುತ್ತದೆ. ಮನೆಯಿಂದ ಮನೆಗೆ ಕಳಿಸುವ ಉಡುಗೊರೆಗೆ 45 ಯೂರೋವರೆಗೆ ಸುಂಕ ಇಲ್ಲ. ಕಸ್ಟಮ್ಸ್ ಫಾರ್ಮಿನಲ್ಲಿ ಬರೀ "ತಿನಿಸು" ಅಂತ ಬರೆದರೆ ತಡೆದು ನಿಲ್ಲಿಸಿ, ಬಂದು ಬಿಚ್ಚಿ ತೋರಿಸಿ ಅನ್ನಬಹುದು. ಶೇಂಗಾ ಚಟ್ನಿ ಪುಡಿ 500 ಗ್ರಾಂ, ಇಷ್ಟು ರೂಪಾಯಿ ಅಂತ ಒಂದೊಂದನ್ನೂ ಇಂಗ್ಲಿಷಿನಲ್ಲಿ ಬರೆಸಬೇಕು. ಪಾರ್ಸೆಲ್ ಬಂದಾಗ ನೀವು ಕ್ಲಾಸಿನಲ್ಲಿದ್ದರೆ ಅದನ್ನು ಪಕ್ಕದ ಮನೆಯವರ ಕೈಗೆ ಕೊಟ್ಟು, ಯಾರ ಹತ್ತಿರ ಇದೆ ಅಂತ ಡಬ್ಬಿಯಲ್ಲಿ ಚೀಟಿ ಹಾಕಿ ಹೋಗುವುದು ಅಲ್ಲಿ ರೂಢಿ. ಅಂತೂ ಒಂದು ಕೆಲಸಕ್ಕಾದರೂ ಮನುಷ್ಯ ಸಿಕ್ಕಂತಾಯಿತು. ಎಂಟು ಗಂಟೆಯೊಳಗೆ ಅವರ ಗಂಟೆ ಒತ್ತಿ. ಚೀಟಿಯಲ್ಲಿ ಹೆಸರು ಕೆಳಗಿನ ಮನೆಯವರದಾಗಿದ್ದರೆ ಒಂದು ಶೇಂಗಾ ಹೋಳಿಗೆ ಕೊಟ್ಟು, ರಾತ್ರಿಯ ಆ ಸಪ್ಪಳ ಯಾತರದು ಅಂತಲೂ ಆಗಲೇ ಹೇಳಿಬಿಡಬಹುದು.