ಪೌಂಡು, ಯೆನ್ನು ಮತ್ತು ಪೆಂಗ್ವಿನ್ನು

ನಮ್ಮ ಮನೆಯಲ್ಲಿ ಈಗ ಗೀಸರ್ ಬಿಸಿಯಾಗದಿದ್ದರೂ ಲಿನಕ್ಸೇ ಕಾರಣ. ಲಿನಕ್ಸ್ ಎಂದರೆ ವಿಂಡೋಸಿನ ಹಾಗೆ ಕಂಪ್ಯೂಟರ್ ನಡೆಸುವ ಇನ್ನೊಂದು ವ್ಯವಸ್ಥೆ, ಪೆಂಗ್ವಿನ್ ಅದರ ಗುರುತು. ಇವತ್ತು ಬೆಳಿಗ್ಗೆ ಟೀವಿ ಬರಲಿಲ್ಲ. ಅಪ್ಪ ರಿಮೋಟ್ ಕೆಳಗಿಟ್ಟು ನನ್ನನ್ನೇ ನೋಡಿದರು. "ಅದೇನೋ ಹಾಕಿದ್ದೀಯಲ್ಲ, ಅದರದ್ದೇ ಇರ್ಬೇಕು." ಟೀವಿಗೂ ನನ್ನ ಲ್ಯಾಪ್‌ಟಾಪಿಗೂ ಇರುವ ಸಂಬಂಧ ಎಂದರೆ ಎರಡೂ ಹಾಲ್‌ನಲ್ಲಿವೆ, ಅಷ್ಟೇ.

ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 11ಕ್ಕೆ ಹೋಗೋಣ ಎಂದರೆ ಟಿಪಿಎಂ 2.0 ಎಂಬ ಭದ್ರತೆಯ ಚಿಪ್ ಇರಬೇಕು, ಪ್ರೊಸೆಸರ್ ಮೈಕ್ರೋಸಾಫ್ಟ್ ಒಪ್ಪಿದ ಪಟ್ಟಿಯಲ್ಲಿರಬೇಕು. ನಮ್ಮ ಲ್ಯಾಪ್‌ಟಾಪಿಗೆ ಎರಡೂ ಇಲ್ಲ. ಆದರೆ ಗಟ್ಟಿಮುಟ್ಟಾಗಿದೆ, ಒಂದು ಕೀಲಿಯೂ ಕಿತ್ತಿಲ್ಲ. ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ. ಪೆನ್‌ಡ್ರೈವ್ ಚುಚ್ಚಿ ಲಿನಕ್ಸ್ ಮಿಂಟ್ ಎಂಬ ಲಿನಕ್ಸಿನ ಒಂದು ಬಗೆ ಹಾಕಿದೆ. ಒಂದು ಪೈಸೆ ಖರ್ಚಿಲ್ಲ. ಬ್ರೌಸರ್ ಇದೆ, ವೈಫೈ ಇದೆ, ಸಿನಿಮಾ ಓಡುತ್ತದೆ. ಮನುಷ್ಯನಿಗೆ ಇನ್ನೇನು ಬೇಕು?

ಮಗನಿಗೆ ಬೇಕಿತ್ತು. 2018ರಲ್ಲಿ ಸ್ಟೀಮ್ ಎಂಬ ಕಂಪ್ಯೂಟರ್ ಆಟಗಳ ಅಂಗಡಿಗೆ ಪ್ರೋಟಾನ್ ಎಂಬ ದುಭಾಷಿ ಸಾಫ್ಟ್‌ವೇರ್ ಬಂದ ಮೇಲೆ ವಿಂಡೋಸಿಗೆಂದು ಬರೆದ ಎಷ್ಟೋ ಆಟಗಳು ಲಿನಕ್ಸಿನಲ್ಲೂ ಓಡುತ್ತವೆ. ಅವನ ಕಾರ್ ರೇಸು ಓಡಿತು. ಶುರುವಾಗುವ ಮುಂಚೆ ಶೇಡರ್ ಪ್ರೊಸೆಸಿಂಗ್ ಅಂತ ಒಂದು ಗೀಟು ಆರಾಮಾಗಿ ತೆವಳುತ್ತದೆ, ಅಷ್ಟರಲ್ಲಿ ಹಾಲು ಕುಡಿಸಿಬಿಡಬಹುದು. ಆದರೆ ಅವನ ಕ್ಲಾಸಿನವರೆಲ್ಲ ಸೇರಿ ಆಡುವ ಆ ಒಂದು ಶೂಟಿಂಗ್ ಆಟ ಮಾತ್ರ ಜಪ್ಪಯ್ಯ ಅಂದರೂ ತೆರೆಯಲಿಲ್ಲ. ಮೋಸಗಾರರನ್ನು ಹಿಡಿಯುವ ಅದರ ಕಾವಲುಗಾರ ವಿಂಡೋಸಿನ ಕರ್ನಲ್ಲಿನಲ್ಲೇ, ಅಂದರೆ ತಿರುಳಿನಲ್ಲೇ, ಕೂರಬೇಕಂತೆ. ಇಲ್ಲಿ ಅದಕ್ಕೆ ಕುರ್ಚಿಯಿಲ್ಲ. "ಪಪ್ಪಾ, ನಾನು ಮೋಸ ಮಾಡಲ್ಲ ಅಂತ ಅವರಿಗೆ ಫೋನ್ ಮಾಡಿ ಹೇಳು" ಎಂದ.

ಇದನ್ನೆಲ್ಲ ಸಹಿಸಬಹುದು. ಅಪ್ಪನ ಕಡತಗಳು ತೆರೆದದ್ದೇ ಕಷ್ಟ ಶುರುವಾಯಿತು.

ಅಪ್ಪ ನಮ್ಮ ಬಡಾವಣೆಯ ನಿವಾಸಿಗಳ ಸಂಘದ ಕಾರ್ಯದರ್ಶಿ. ವರ್ಷಗಟ್ಟಲೆ ಬರೆದ ಪತ್ರಗಳೆಲ್ಲ 'ನುಡಿ' ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೆಯ ಫಾಂಟುಗಳಲ್ಲಿವೆ. ಆ ಫಾಂಟುಗಳ ಗುಟ್ಟು ಗೊತ್ತಲ್ವಾ? ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು, ಮೇಲೆ ಕಾಣುವುದು ಕನ್ನಡದ ವೇಷ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ವೇಷ ಕಳಚುತ್ತದೆ. 'ನ' ಇರುವಲ್ಲಿ ಪೌಂಡ್ ಗುರುತು, 'ಪ' ಇರುವಲ್ಲಿ ಜಪಾನಿನ ಯೆನ್.

ಮೊದಲು ತೆರೆದದ್ದು ಒಳಚರಂಡಿ ಕಟ್ಟಿಕೊಂಡ ಬಗ್ಗೆ ಪಾಲಿಕೆಗೆ ಬರೆದ ಪತ್ರ. ಪಾಲಿಕೆಯ ಮೊದಲ ಅಕ್ಷರವೇ ಯೆನ್. 'ಮಾನ್ಯರೇ' ಎಂಬುದರ ಹೊಟ್ಟೆಯಲ್ಲಿ ಪೌಂಡ್. ಅಪ್ಪ ಕನ್ನಡಕ ಏರಿಸಿದರು. ಜೇಬಿನಿಂದ ಪೆನ್ನು ತೆಗೆದು, ಕ್ಯಾಪ್ ಬಿಚ್ಚದೆ, ಪರದೆಯ ಮೇಲೆ ಒಂದೊಂದೇ ಪೌಂಡನ್ನು ಮುಟ್ಟುತ್ತಾ ಕೆಳಗಿಳಿದರು. ಲೆಕ್ಕಪರಿಶೋಧನೆ ಮುಗಿದ ಮೇಲೆ ಹೇಳಿದರು: "ಈ ಪತ್ರ ಕಳಿಸಿದ್ರೆ ಜೆಸಿಬಿ ಬರ್ತಿರ್ಲಿಲ್ಲ. ಇಡಿಯವರು ಬರ್ತಿದ್ರು."

ಅಷ್ಟಕ್ಕೇ ಬಿಡಬೇಕಲ್ಲ! ಪಕ್ಕದ ಮನೆಯ ಖಜಾಂಚಿಯನ್ನೂ ಕರೆದರು. ಅವರು ಚಪ್ಪಲಿ ಬಿಟ್ಟು, ಕಾಫಿ ಕುಡಿದು, ಪರದೆ ನೋಡಿ, "ನಮ್ಮ ಖಾತೇಲಿ ಯೆನ್ ಇಲ್ಲ ಸಾರ್, ಬೇಕಾದ್ರೆ ಪಾಸ್‌ಬುಕ್ ತರ್ತೀನಿ" ಎಂದರು. ತಮಾಷೆಗಲ್ಲ. ಹೋಗಿ ತಂದೇಬಿಟ್ಟರು.

ಪರಿಹಾರ ಸುಲಭವಾಗಿಯೇ ಇತ್ತು. ಹಳೆಯ ಫಾಂಟುಗಳನ್ನು ತಂದು ಲಿನಕ್ಸಿನ ಫಾಂಟ್ ಫೋಲ್ಡರಿಗೆ ಹಾಕಿದೆ, ವಿದೇಶಿ ವಿನಿಮಯವೆಲ್ಲ ಕನ್ನಡವಾಯಿತು. ಅಪ್ಪನ ಬೆರಳಿಗೆ ರೂಢಿಯಿದ್ದ ಕಗಪ ಕೀಲಿಮಣೆಯೂ ಸಿಕ್ಕಿತು. ಆದರೆ ಈ ಪತ್ರಗಳನ್ನು ವಾಟ್ಸಾಪಿಗೆ ಅಂಟಿಸಿದರೆ ಮತ್ತೆ ಪೌಂಡೇ. ಹಾಗಾಗಿ ಒಂದೊಂದನ್ನೇ ಎಲ್ಲ ಕಂಪ್ಯೂಟರು, ಫೋನುಗಳಿಗೂ ಅರ್ಥವಾಗುವ ಯೂನಿಕೋಡಿಗೆ ಬದಲಾಯಿಸುತ್ತಾ ರಾತ್ರಿ ಕೂರುತ್ತೇನೆ. ಮೊನ್ನೆ ತಂಗಿಯ ಮದುವೆ ಕರೆಯೋಲೆಯ ಕರಡು ಸಿಕ್ಕಿತು. ಸುಖಾಗಮನ ಬಯಸುವವರ ಪಟ್ಟಿಯಲ್ಲಿ ಅಮ್ಮನ ಹೆಸರು, ದೊಡ್ಡಪ್ಪನ ಹೆಸರು. ಈಗ ಇಬ್ಬರೂ ಇಲ್ಲ. ಅಪ್ಪ ಬಂದು ನೋಡಿದರು. "ಇದನ್ನ ಏನೂ ಮಾಡ್ಬೇಡ, ಹಿಂಗೇ ಇರ್ಲಿ" ಎಂದು ಮಲಗಲು ಹೋದರು.

ಪಾಪ ಅನಿಸಿತು. ಆ ಪಾಪ ಸಂಘದ ಸಭೆಯವರೆಗೂ ಬಾಳಲಿಲ್ಲ. ಅಲ್ಲಿ ಎದ್ದು ನಿಂತು, "ನಮ್ಮನೇಲಿ ಲಿನಕ್ಸ್ ಇದೆ, ಬಹಳ ಚೆನ್ನಾಗಿದೆ. ಯಾರ ಹಳೇ ಕಂಪ್ಯೂಟರಿದ್ದರೂ ತನ್ನಿ, ನನ್ನ ಮಗ ಸುಮ್ನೆ ಹಾಕ್ಕೊಡ್ತಾನೆ" ಎಂದು ಘೋಷಿಸಿ ಬಂದಿದ್ದಾರೆ. ಈ ಭಾನುವಾರಕ್ಕೆ ಮೊದಲ ಹೆಸರು ಖಜಾಂಚಿಯದು. ಅವರ ಲೆಕ್ಕದ ಸಾಫ್ಟ್‌ವೇರ್ ವಿಂಡೋಸ್ ಬಿಟ್ಟು ಬೇರೆ ಕಡೆ ಏಳುವುದಿಲ್ಲ. ಅದನ್ನು ಅವರಿಗೆ ಅಪ್ಪನೇ ಹೇಳಲಿ.