ಸತ್ಯಾಂಶ: ಕೋರ್ಸ್ ಮಾಡಿದರೆ ವಿಡಿಯೋ ವೈರಲ್ ಆಗೇ ಆಗುತ್ತಾ?

"ಯೂನಿವರ್ಸಿಟಿಯಲ್ಲಿ ವೈರಲ್ ವಿಡಿಯೋ ಸೂತ್ರ ಹೇಳಿಕೊಡುತ್ತಾರೆ, ಕಲಿತರೆ ಲಕ್ಷಗಟ್ಟಲೆ ವ್ಯೂಸ್ ಗ್ಯಾರಂಟಿ" ಎನ್ನುವ ಫಾರ್ವರ್ಡ್ ಓಡಾಡುತ್ತಿದೆ. ಅರ್ಧ ನಿಜ. ವಿಡಿಯೋ ಮಾಡುವುದನ್ನು, ಪ್ರಚಾರ ಮಾಡುವುದನ್ನು ಕಲಿಸುವ ಕೋರ್ಸ್‌ಗಳು ಇವೆ. ಗ್ಯಾರಂಟಿ ಮಾತ್ರ ಸುಳ್ಳು.

ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಿ. 14,000ಕ್ಕೂ ಜಾಸ್ತಿ ಜನರ ಮುಂದೆ ಅಷ್ಟೇನೂ ಗೊತ್ತಿಲ್ಲದ 48 ಹಾಡುಗಳನ್ನು ಇಟ್ಟರು. ಜನರನ್ನು ಗುಂಪು ಗುಂಪಾಗಿ ಬೇರೆ ಮಾಡಿ, ಅವರವರ ಗುಂಪಿನಲ್ಲಿ ಯಾವ ಹಾಡು ಎಷ್ಟು ಡೌನ್‌ಲೋಡ್ ಆಗಿದೆ ಅಂತ ತೋರಿಸಿದರು. ಒಂದು ಗುಂಪಿನಲ್ಲಿ ಮೊದಲ ಸ್ಥಾನಕ್ಕೆ ಬಂದ ಹಾಡು ಇನ್ನೊಂದರಲ್ಲಿ 40ನೇ ಸ್ಥಾನದಲ್ಲಿತ್ತು. ಹಾಡು ಅದೇ! ಮೊದಮೊದಲು ಬಂದವರು ಏನು ಆರಿಸಿದರು ಎನ್ನುವುದು ಮುಂದಿನವರನ್ನೂ ಎಳೆದುಕೊಂಡು ಹೋಗಿತ್ತು. ಹಾಗಂತ ಎಲ್ಲವೂ ಅದೃಷ್ಟ ಅಲ್ಲ. ತೀರಾ ಕಳಪೆ ಹಾಡು ಗೆದ್ದಿದ್ದು ಅಪರೂಪ.

ತರಗತಿಯಲ್ಲಿ ಕಲಿಯಬಹುದಾದದ್ದು ಈ ಕಳಪೆತನ ತಪ್ಪಿಸುವುದನ್ನೇ. ಬೇಗ ವಿಷಯಕ್ಕೆ ಬರುವುದು, ಸದ್ದು ಸ್ಪಷ್ಟವಾಗಿ ಹಿಡಿಯುವುದು, ಜನ ವಿಡಿಯೋವನ್ನು ಎಲ್ಲಿಯವರೆಗೆ ನೋಡಿದರು ಅಂತ ತೋರಿಸುವ ಯೂಟ್ಯೂಬ್ ಗ್ರಾಫ್ ಓದುವುದು. ಗೆರೆ 20ನೇ ಸೆಕೆಂಡಿಗೆ ದಿಢೀರ್ ಇಳಿದರೆ, ಜನ ಅಲ್ಲಿ ಎದ್ದು ಹೋಗಿದ್ದಾರೆ ಅಂತ ಅರ್ಥ. ಉದ್ದನೆಯ ಪೀಠಿಕೆಯೇ ಕಾರಣ ಇರಬಹುದು, ಅಲ್ವಾ?

ಇನ್ನು ದುಡ್ಡಿಗೆ ವ್ಯೂಸ್ ಮಾರುವವರ ಮಾತು ಬೇರೆ. ಅಂಥ ನಕಲಿ ವ್ಯೂಸ್ ಯೂಟ್ಯೂಬ್ ನಿಯಮಕ್ಕೇ ವಿರುದ್ಧ, ಸಿಕ್ಕಿಬಿದ್ದರೆ ಲೆಕ್ಕದಿಂದ ಕಿತ್ತುಹಾಕುತ್ತದೆ.