ತಲೆ ಮೇಲೆ ಕಡ್ಡಿ ಇರುವ ಕಾರು

ಹ್ಯಾಮ್ ರೇಡಿಯೊ, ಅಂದರೆ ಹವ್ಯಾಸಕ್ಕಾಗಿ ರೇಡಿಯೊದಲ್ಲಿ ಪರಸ್ಪರ ಮಾತಾಡುವವರ ಲೈಸೆನ್ಸ್ ಕೈಗೆ ಬಂದ ದಿನ ನನಗೆ ಎರಡು ಕೊಂಬು ಮೂಡಿದ್ದವು. ಮೂರನೆಯದನ್ನು ಕಾರಿನ ಮೇಲೆ ನೆಡೋಣ ಅನ್ನಿಸಿತು.

ನನ್ನದು ರೆಸ್ಟ್ರಿಕ್ಟೆಡ್ ಗ್ರೇಡ್. ಅದರ ಮೇಲಿನ ಜನರಲ್ ಗ್ರೇಡ್ ಬೇಕೆಂದರೆ ನಿಮಿಷಕ್ಕೆ 8 ಪದದಂತೆ ಮಾರ್ಸ್ ಕೋಡ್, ಅಂದರೆ ಹಳೆಯ ತಂತಿ ಕಚೇರಿಯ ಕಟ್ಟು ಕಡ ಭಾಷೆ, ಬರಬೇಕು. ನೆಂಟರ ಮುಂದೆ ಹೆಂಡತಿ ಕಣ್ಣಲ್ಲೇ ಕಳಿಸುವ ಸಂದೇಶವೇ ನನಗೆ ಇವತ್ತಿಗೂ ಅರ್ಥವಾಗುವುದಿಲ್ಲ, ಇನ್ನು ಕಟ್ಟು ಕಡ ಎಲ್ಲಿಂದ ಬರಬೇಕು?

"ಜೇಬಲ್ಲಿ ಮೊಬೈಲ್ ಇದೆಯಲ್ಲ, ಇದು ಯಾತಕ್ಕೆ ರೀ?" ಅಂದಳು ಅವಳು.

2004ರ ಸುನಾಮಿಯ ಕಥೆ ಹೇಳಿದೆ. ಅಂಡಮಾನಿನಲ್ಲಿ ಫೋನುಗಳೆಲ್ಲ ಕೈಕೊಟ್ಟಾಗ, ಅದೇ ಹೊತ್ತಿಗೆ ಪೋರ್ಟ್ ಬ್ಲೇರ್‌ನಲ್ಲಿ ರೇಡಿಯೊ ಹೂಡಿಕೊಂಡಿದ್ದ ಭಾರತಿ ಪ್ರಸಾದ್ ಮತ್ತು ಅವರ ತಂಡ ಸುದ್ದಿ ತಲುಪಿಸಿದ್ದನ್ನು ವಿವರಿಸಿದೆ. ಹೇಳುತ್ತಾ ನನ್ನ ಗಂಟಲೇ ಕಟ್ಟಿತು. ಅವಳು ಪೂರ್ತಿ ಕೇಳಿಸಿಕೊಂಡು, "ಬೆಂಗಳೂರು ಸಮುದ್ರಕ್ಕಿಂತ 900 ಮೀಟರ್ ಎತ್ತರದಲ್ಲಿದೆ. ಇಲ್ಲಿಗೂ ಸುನಾಮಿ ಬಂದರೆ ಕಾರಲ್ಲಿ ಕೂತು ಯಾರ ಹತ್ರ ಮಾತಾಡ್ತೀರಿ?" ಅಂದಳು. ಭೂಗೋಳ ಪಾಠ ಮಾಡುವವರನ್ನು ಮದುವೆಯಾಗಬಾರದು.

ಆದರೂ ಸೆಟ್ ಬಂತು. 50 ವ್ಯಾಟಿನದು. ಸಿಗರೇಟ್ ಲೈಟರ್ ಸಾಕೆಟ್ಟಿಗೆ ಚುಚ್ಚಿದೆ. ದೀಪ ಹತ್ತಿತು, ಯಾರೋ ಮಾತಾಡುವುದೂ ಕೇಳಿಸಿತು. ಇಷ್ಟೇನಾ ಅಂದುಕೊಂಡು ಮೈಕ್ ಒತ್ತಿ ಬಾಯಿ ತೆರೆದೆ. ಠಪ್! ಎಲ್ಲ ಕತ್ತಲು. ಕೇಳುವಾಗ ಇಂಥ ಸೆಟ್ಟಿಗೆ ಒಂದು ಆಂಪಿಯರ್ ಕೂಡ ಬೇಡ, ಮಾತಾಡುವಾಗ ಹತ್ತರ ಮೇಲೆ ಎಳೆಯುತ್ತದೆ. (ನಮ್ಮ ಮನೆಯಲ್ಲೂ ಮಾತಿಗೇ ಖರ್ಚು ಜಾಸ್ತಿ.) ಫ್ಯೂಸ್ ಹೋಯಿತು. ಜೊತೆಗೆ ಅದೇ ಸಾಕೆಟ್ಟನ್ನು ನಂಬಿದ್ದ ಮಗನ ಮೊಬೈಲ್ ಚಾರ್ಜರೂ ಹೋಯಿತು. ಅವನ ಫೋನು ಆಗ ಶೇಕಡಾ 4ರಲ್ಲಿತ್ತು. ಆ ಸಂಜೆಯ ವಿವರ ಬೇಡ.

ಜೆ.ಸಿ. ರಸ್ತೆಯ ಅಂಗಡಿ ಹುಡುಗ ನೋಡಿ ನಕ್ಕ. "ಎಳನೀರಿನ ಸ್ಟ್ರಾದಲ್ಲಿ ಟ್ಯಾಂಕರ್ ಖಾಲಿ ಮಾಡೋಕಾಗುತ್ತಾ ಸಾರ್? ಬ್ಯಾಟರಿಯಿಂದಲೇ ದಪ್ಪ ವೈರ್ ಎಳೀಬೇಕು. ಫ್ಯೂಸು ಬ್ಯಾಟರಿ ಪಕ್ಕದಲ್ಲೇ ಇರಲಿ. ದಾರೀಲಿ ವೈರ್ ತಗಡಿಗೆ ಉಜ್ಜಿ ಸುಲಿದರೆ ಗಾಡಿ ಹೊತ್ತಿಕೊಳ್ಳತ್ತೆ." ಕೂಲಿ ಕೇಳಿದೆ. ಹೇಳಿದ. ಮನೆಗೆ ಬಂದು ನಾನೇ ಶುರುಮಾಡಿದೆ.

ಡ್ಯಾಶ್‌ಬೋರ್ಡ್ ಕೆಳಗೆ ತಲೆ ಹೋಗಬೇಕಾದರೆ ಕಾಲು ಸೀಟಿನ ಮೇಲೆ ಹೋಗಬೇಕು. ಹೊರಗಿನವರಿಗೆ ಕಾಣುವುದು ಪಾದ ಮಾತ್ರ. ಪಕ್ಕದ ಮನೆಯ ನಿವೃತ್ತ ಮ್ಯಾನೇಜರು ನನ್ನ ಹಿಮ್ಮಡಿಗೇ ನಮಸ್ಕಾರ ಹೇಳಿ, "ಏನು, ಬೀಗದಕೈ ಬಿತ್ತಾ?" ಎಂದರು. ಹೌದು ಅಂದುಬಿಟ್ಟೆ. ಹುಡುಕಿಕೊಡಲು ಅವರೂ ಬಗ್ಗಿದರು.

ಇಂಜಿನ್ ಕಡೆಗೆ ಒಂದು ರಬ್ಬರ್ ಬಿಲ್ಲೆಯ ತೂತಿದೆ. ಅದರೊಳಗೆ ಕೆಂಪು ವೈರ್ ತೂರಿಸಬೇಕು. ನಾನು ಒಳಗಿನಿಂದ ತಳ್ಳುವುದು, ಮಗ ಬಾನೆಟ್ ಕಡೆಯಿಂದ ಎಳೆಯುವುದು. "ಬಂತೇನೋ?" "ಏನಪ್ಪಾ?" "ಎಳಿ!" "ಏನು ಹೇಳಲಿ?" ನಡುವೆ ಇದ್ದದ್ದು ಮೂರು ಅಡಿ. ಕೊನೆಗೆ ಅವನು ನನ್ನ ಮೊಬೈಲಿಗೆ ಕರೆ ಮಾಡಿದ. ಸ್ಪೀಕರ್ ಹಾಕಿ ಎದೆ ಮೇಲಿಟ್ಟುಕೊಂಡೆ. ಐದೇ ನಿಮಿಷಕ್ಕೆ ವೈರ್ ದಾಟಿತು. ಕಿಟಕಿಯಿಂದ ನೋಡುತ್ತಿದ್ದವಳು ಏನೂ ಅನ್ನಲಿಲ್ಲ. ಅನ್ನದಿದ್ದದ್ದೇ ಜಾಸ್ತಿ ಕೇಳಿಸಿತು.

ಕಪ್ಪು ವೈರನ್ನೂ ಬ್ಯಾಟರಿವರೆಗೆ ಎಳೆಯುವಷ್ಟು ಕತ್ತು ಉಳಿದಿರಲಿಲ್ಲ. ಹತ್ತಿರ ಸಿಕ್ಕ ಬೋಲ್ಟಿಗೆ ಸಿಕ್ಕಿಸಿದೆ. ಕಾರಿನ ನೆತ್ತಿ ಮೇಲೆ ಅಯಸ್ಕಾಂತದ ಬುಡದ ಆ್ಯಂಟೆನಾ ಕೂರಿಸಿದೆ. 145 ಮೆಗಾಹರ್ಟ್ಸ್ ಅಂದರೆ ಅಲೆಯ ಉದ್ದ ಎರಡು ಮೀಟರ್, ಅದರ ಕಾಲು ಭಾಗ ಅರ್ಧ ಮೀಟರ್ ಕಡ್ಡಿ. ನಮ್ಮ ಅಪಾರ್ಟ್‌ಮೆಂಟ್ ಕಟ್ಟಿದವರಿಗೆ ಈ ಲೆಕ್ಕ ಗೊತ್ತಿರಲಿಲ್ಲ. ಬೇಸ್‌ಮೆಂಟಿನ ಏಳು ತೊಲೆಗಳಿಗೂ ಒಂದೊಂದು ಟಂಗ್. ಏಳೂ ಬಾರಿಸಿದ ಮೇಲೆ ಮೂರನೆ ಮಹಡಿಯಲ್ಲಿ ಕಾಫಿಗೆ ಹಾಲಿಡುತ್ತಾರೆ.

ಅಂತೂ ಒಂದು ಭಾನುವಾರ ಮೊದಲ ಮಾತು. ಗೆಳೆಯ ಇರುವುದು ಜಯನಗರದಲ್ಲಿ, ಮೂರು ಕಿಲೋಮೀಟರ್. ಅವನು ರೇಡಿಯೊ ಆನ್ ಮಾಡಿರಲಿಲ್ಲ. ಮೊಬೈಲಿನಲ್ಲಿ ಫೋನ್ ಮಾಡಿ ಆನ್ ಮಾಡಿಸಿದೆ. "ಚೆನ್ನಾಗಿ ಕೇಳ್ತಿದೆ, ಆದರೆ ಕಾರಲ್ಲಿ ಸೊಳ್ಳೆ ಸಾಕಿದೀಯಾ?" ಅಂದ. ಆಕ್ಸಿಲರೇಟರ್ ಒತ್ತಿದೆ. ಸೊಳ್ಳೆ ಮೇಲಿನ ಷಡ್ಜ ಮುಟ್ಟಿತು. ಬ್ಯಾಟರಿಗೆ ಕರೆಂಟ್ ತುಂಬುವ ಆಲ್ಟರ್ನೇಟರ್‌ನ ಹಾಡು ನನ್ನ ಸೋಮಾರಿ ಕಪ್ಪು ವೈರಿನಿಂದ ಒಳಬಂದಿತ್ತು. ಮತ್ತೆ ತಲೆಕೆಳಗು. ಈ ಸಲ ಮ್ಯಾನೇಜರು ಬರುವಾಗಲೇ ಟಾರ್ಚ್ ತಂದಿದ್ದರು.

ಹೋದ ತಿಂಗಳು ಸಂಬಂಧಿಕರ ಮದುವೆಗೆ ಹೋಗಿದ್ದೆವು. ಎರಡನೆ ಪಂಕ್ತಿ. ಎಲೆಗೆ ಆಗಷ್ಟೇ ಹೋಳಿಗೆ ಬಿದ್ದು, ಅದರ ಮೇಲೆ ತುಪ್ಪ ಇಳಿಯುತ್ತಿತ್ತು. ವಾಲಗ ನಿಲ್ಲಿಸಿ ಯಾರೋ ಮೈಕ್ ತಗೊಂಡರು. "ತಲೆ ಮೇಲೆ ಕಡ್ಡಿ ಇರುವ ಬಿಳಿ ಕಾರಿನವರು ಎಲ್ಲಿದ್ದರೂ ಬಂದು ಗಾಡಿ ತೆಗೀಬೇಕು. ಹುಡುಗಿ ಕಡೆಯ ಬಸ್ಸು ಸಿಕ್ಕಿಹಾಕಿಕೊಂಡಿದೆ." ಇಡೀ ಪಂಕ್ತಿ ನನ್ನ ಕಡೆ ತಿರುಗಿತು. ಅವಳು ತನ್ನ ಹೋಳಿಗೆ ಮುರಿಯುತ್ತಾ, "ನಿಮಗೇ ಕಾಲ್ ಬಂದಿದೆ ನೋಡಿ" ಅಂದಳು.